ನನ್ನ ಯಾಡಿಗೂ ನನ್ನ ಮಗಳಿಗೂ ನಡುವೆ ನಾನು ದುಭಾಷಿಯಾಗಿಬಿಟ್ಟಿದ್ದೇನೆ

ತಾಂಡಾದ ಮಗಳು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಸಂಡೂರು ತಾಲ್ಲೂಕಿನ ತಾಂಡಾವೊಂದರಲ್ಲಿ ಹುಟ್ಟಿ ಬೆಳೆದವಳು, ಈಗ ಬಳ್ಳಾರಿ ನಗರದಲ್ಲಿದ್ದೇನೆ. ಯಜಮಾನರ ಮನೆಮಾತು ತೆಲುಗು. ನಾವಿಬ್ಬರೂ ಪರಿಚಯವಾದದ್ದು ಕನ್ನಡದಲ್ಲಿ, ಇಂದಿಗೂ ನಮ್ಮಿಬ್ಬರ ನಡುವೆ ಕನ್ನಡವೇ. ಅತ್ತೆ ಮಾವ ಜೊತೆಯಲ್ಲೇ ಇರುವುದರಿಂದ ಮಕ್ಕಳಿಗೆ ತೆಲುಗು ಯಾರೂ ಕಲಿಸದೆಯೇ ಬಂದಿದೆ. ಶಾಲೆಯಲ್ಲಿ ಇಂಗ್ಲಿಷ್. ನನ್ನ ಲಂಬಾಣಿ ಮಾತ್ರ ಫೋನಿನೊಳಗೆ ಉಳಿದುಕೊಂಡಿದೆ. ದಿನಕ್ಕೊಮ್ಮೆ ಯಾಡಿಯ ಜೊತೆ ಹತ್ತು ನಿಮಿಷ, ಅಷ್ಟೇ. ಯಾಡಿ ಎಂದರೆ ಅವ್ವ.

ದೀಪಾವಳಿಗೆ ಯಾಡಿ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದವಳು ನನ್ನ ಆರು ವರ್ಷದ ಮಗಳನ್ನು ಕರೆದು ಏನೋ ಹೇಳಿದಳು. ಗೋಡೆಗೆ ಒರಗಿಸಿಟ್ಟ ಮೊರವನ್ನು ತಂದುಕೊಡು ಎಂದಿದ್ದಳು. ಮಗಳು ನನ್ನ ಕಡೆ ತಿರುಗಿ ‘ಅಜ್ಜಿ ಏನು ಹೇಳುತ್ತಿದ್ದಾರೆ?’ ಎಂದಳು. ನಾನು ಕನ್ನಡದಲ್ಲಿ ಹೇಳಿದೆ, ಅವಳು ಮೊರ ತಂದುಕೊಟ್ಟಳು. ಅಂದಿನಿಂದ ಯಾಡಿ ಮೊಮ್ಮಗಳ ಜೊತೆ ತನಗೆ ಅರೆಬರೆ ಬರುವ ಕನ್ನಡದಲ್ಲೇ ಮಾತನಾಡತೊಡಗಿದಳು. ನನ್ನೊಡನೆ ನಗುತ್ತ, ಬೈಯುತ್ತ, ಊರಿನ ಸುದ್ದಿಯನ್ನೆಲ್ಲ ಹೇಳುತ್ತ ಹೊಳೆಯಂತೆ ಹರಿಯುವ ಹೆಂಗಸು ಮೊಮ್ಮಗಳ ಮುಂದೆ ‘ಬಾ’, ‘ಉಣ್ಣು’, ‘ಬೇಡ’ ಎಂಬ ಮೂರು ಮಾತಿಗೆ ಬಂದು ನಿಂತಳು. ನಾಲ್ಕನೆಯ ದಿನ ಊರಿಗೆ ಹೋಗುತ್ತೇನೆ ಎಂದಳು. ಎಂಟು ದಿನ ಇರಲು ಬಂದಿದ್ದವಳು.

ತಪ್ಪು ನನ್ನದೇ. ಆರನೆಯ ತರಗತಿಗೆ ಹಾಸ್ಟೆಲ್ ಸೇರಿದಾಗ ನನ್ನ ಮಾತು ಕೇಳಿ ಹುಡುಗಿಯರು ನಕ್ಕಿದ್ದರು. ಆಮೇಲೆ ಬಸ್ಸಿನಲ್ಲಿ ಯಾಡಿಯ ಪಕ್ಕ ಕುಳಿತಾಗಲೆಲ್ಲ ‘ಮೆಲ್ಲಗೆ ಮಾತನಾಡು’ ಎನ್ನುತ್ತಿದ್ದೆ. ಅವಳು ಅಂದಿನಿಂದಲೇ ಮೆಲ್ಲಗಾಗಿದ್ದಾಳೆ ಎಂದು ಈಗ ಅನ್ನಿಸುತ್ತದೆ.

ಮಗಳಿಗೆ ಆರು, ಮಗನಿಗೆ ಮೂರು. ಈಗ ಆರಂಭಿಸಿದರೆ ಬರುತ್ತದೆಯೇ? ನಾಲ್ಕು ಭಾಷೆಯಾದರೆ ಮಕ್ಕಳಿಗೆ ಭಾರವಾಗುವುದಿಲ್ಲವೇ? ಅನುಭವ ಇರುವವರು ದಯವಿಟ್ಟು ಹೇಳಿ.

ಕೂರಿಗೆ, ಸಿರುಗುಪ್ಪ

ಮೂರು ವರ್ಷದವನಿಗೆ ತಡವಾಗಿದೆ ಎಂದು ಯಾರು ಹೇಳಿದರು? ಇಂದು ಸಂಜೆಯೇ ಆರಂಭಿಸಿ.

ಕಾಲುವೆ ದಂಡೆ, ಸಿಂಧನೂರು ತಾಲ್ಲೂಕು

ಅಕ್ಕ, ನಿಮ್ಮ ಬರಹ ಓದಿ ಎರಡು ನಿಮಿಷ ಸುಮ್ಮನೆ ಕುಳಿತೆ. ನಮ್ಮದು ಕ್ಯಾಂಪ್. ತುಂಗಭದ್ರಾ ಅಣೆಕಟ್ಟೆಯ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು ಭತ್ತ ನಾಟಿ ಮಾಡಿದವರ ಮೊಮ್ಮಗ ನಾನು. ಸಿಂಧನೂರು, ಗಂಗಾವತಿ, ಮಾನ್ವಿ ಕಡೆ ಯಾವ ದಾರಿಯಲ್ಲಿ ಹೋದರೂ ಇಂಥ ಕ್ಯಾಂಪುಗಳು ಸಿಗುತ್ತವೆ. ತಾತನಿಗೆ ತೆಲುಗು ಮಾತ್ರ ಬರುತ್ತಿತ್ತು. ಅಪ್ಪನಿಗೆ ಎರಡೂ ಬರುತ್ತದೆ, ತೆಲುಗು ಪತ್ರಿಕೆಯನ್ನೂ ಓದುತ್ತಾರೆ. ನನಗೆ ಮಾತನಾಡಲು ಬರುತ್ತದೆ, ಒಂದಕ್ಷರ ಓದಲು ಬಾರದು. ನನ್ನ ಮಗನಿಗೆ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಕನ್ನಡದಲ್ಲಿ ಬರುತ್ತದೆ. ನಾಲ್ಕು ತಲೆಮಾರಿನಲ್ಲಿ ನಾಲ್ಕು ಮೆಟ್ಟಿಲು ಇಳಿದಿದ್ದೇವೆ.

ಆದರೆ ನಮಗೂ ನಿಮಗೂ ದೊಡ್ಡ ವ್ಯತ್ಯಾಸವಿದೆ. ನನ್ನ ಮಗ ತೆಲುಗನ್ನು ಪೂರ್ತಿ ಮರೆತರೂ ತೆಲುಗಿಗೆ ಏನೂ ಆಗುವುದಿಲ್ಲ. ಸಿನಿಮಾ ಇದೆ, ಟಿ.ವಿ. ಇದೆ, ಎರಡು ರಾಜ್ಯಗಳಿವೆ. ಬೇಕೆನಿಸಿದಾಗ ಅವನು ಮತ್ತೆ ಕಲಿಯಬಹುದು. ನಿಮ್ಮ ಮಗಳಿಗೆ ಲಂಬಾಣಿ ಸಿಗುವುದು ನಿಮ್ಮ ಯಾಡಿಯ ಬಾಯಲ್ಲಿ ಮಾತ್ರ.

ಕೊಪಣ ನಾಡಿಗ, ಕೊಪ್ಪಳ

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು, ಆದರೂ ಹೇಳುತ್ತೇನೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳ್ಗನ್ನಡ ನಾಡು ಯಾವುದೆಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜೊತೆ ನಮ್ಮ ಕೊಪಣವನ್ನೂ, ಅಂದರೆ ಇಂದಿನ ಕೊಪ್ಪಳವನ್ನೂ ಹೆಸರಿಸಿದೆ. ಆ ಕೊಪಣದಲ್ಲಿ ಇಂದು ಮಕ್ಕಳು ‘ಎಪ್ಪತ್ತೊಂಬತ್ತು’ ಎಂದರೆ ಎಷ್ಟು ಎಂದು ಕೇಳುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಮಸುಕಾಗುತ್ತಿರುವ ಭಾಷೆ ಕನ್ನಡವೇ. ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ಉರ್ದು, ತೋರಣಗಲ್ಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟರ ನಡುವೆ ಕನ್ನಡಕ್ಕೆ ಇರುವ ಜಾಗವೇ ಚಿಕ್ಕದು. ಮಗುವಿನ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ಅದನ್ನು ಐದು ಪಾಲು ಮಾಡಿದರೆ ಕನ್ನಡಕ್ಕೆ ಉಳಿಯುವುದೆಷ್ಟು? ಮೊದಲು ಕನ್ನಡ ಗಟ್ಟಿಯಾಗಲಿ, ಉಳಿದದ್ದು ಆಮೇಲೆ.

ಗಡಿನಾಡ ಹಿರಿಯ, ಬಳ್ಳಾರಿ

ಕೊಪಣ ನಾಡಿಗರೇ, ನಿಮ್ಮ ಸಂಕಟ ನನಗೆ ಗೊತ್ತು. ಆದರೆ ಬಳ್ಳಾರಿಯ ವಿಷಯದಲ್ಲಿ ಒಂದು ತಿದ್ದುಪಡಿ. ಇಲ್ಲಿ ತೆಲುಗು ಹೊರಗಿನಿಂದ ನುಗ್ಗಿದ್ದಲ್ಲ, ಮೊದಲಿನಿಂದಲೂ ಎರಡೂ ಒಂದೇ ಅಂಗಳದಲ್ಲಿದ್ದವು. ಮದ್ರಾಸ್ ಪ್ರಾಂತದ ಜಿಲ್ಲೆಯಾಗಿದ್ದದ್ದು 1953ರ ಅಕ್ಟೋಬರ್ 1ರಂದು ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ಏಳು ತಾಲ್ಲೂಕು ಮೈಸೂರಿಗೆ ಬಂದವು. ಬಳ್ಳಾರಿ ಯಾರದು ಎಂಬ ಜಗಳಕ್ಕೆ ಆಯೋಗವೇ ಬರಬೇಕಾಯಿತು. ಗೆರೆ ಎಳೆದದ್ದು ನಕ್ಷೆಯ ಮೇಲೆ. ಮನೆಗಳಲ್ಲಿ ಅತ್ತೆ ಆದೋನಿಯವರು, ಸೊಸೆ ಬಳ್ಳಾರಿಯವರು. ನಮ್ಮ ಊರಿನ ಹೆಮ್ಮೆಯಾದ ಬಳ್ಳಾರಿ ರಾಘವ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಂಗದ ಮೇಲೆ ನಿಂತವರು. ಒಂದು ಭಾಷೆ ಇನ್ನೊಂದರ ಅನ್ನ ಕಸಿಯುತ್ತದೆ ಎಂಬ ಲೆಕ್ಕ ಈ ಊರಿಗೆ ಹೊಂದುವುದಿಲ್ಲ.

ಕೊಪಣ ನಾಡಿಗ, ಕೊಪ್ಪಳ

ಹಿರಿಯರೇ, ರಾಘವರ ಕಾಲದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಬೀದಿಗೊಂದು ಇರಲಿಲ್ಲ. ಹೋಲಿಕೆ ಸರಿಯಲ್ಲ.

ಗಡಿನಾಡ ಹಿರಿಯ, ಬಳ್ಳಾರಿ

ಹಾಗಾದರೆ ಜಗಳ ಇಂಗ್ಲಿಷಿನ ಜೊತೆ. ಈ ತಾಯಿಯ ಲಂಬಾಣಿಯ ಮೇಲೆ ಏಕೆ ತೀರಿಸಿಕೊಳ್ಳುತ್ತೀರಿ?

ಒಂದನೇ ತರಗತಿ, ಕುಷ್ಟಗಿ ಕಡೆ

ಸರ್ಕಾರಿ ಶಾಲೆಯ ಶಿಕ್ಷಕಿ ನಾನು. ಹತ್ತೊಂಬತ್ತು ವರ್ಷದಿಂದ ನಲಿಕಲಿ ತರಗತಿ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಕನ್ನಡ ಗಟ್ಟಿಯಾಗಲಿ, ಉಳಿದದ್ದು ಆಮೇಲೆ ಎಂಬ ಮಾತಿಗೆ ನನ್ನ ಅನುಭವದಿಂದ ಉತ್ತರ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ತಾಂಡಾದಿಂದ ಬರುವ ಒಬ್ಬ ಹುಡುಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ನಾನು ಅವನನ್ನು ದಡ್ಡರ ಸಾಲಿಗೆ ಸೇರಿಸಿದ್ದೆ, ಇಂದಿಗೂ ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಬಿಸಿಯೂಟದ ತಟ್ಟೆ ಹಿಡಿದು ನನ್ನ ಮೇಜಿನ ಬಳಿ ಬಂದು ‘ಪಾಣಿ’ ಎಂದ. ನೀರು ಕೊಟ್ಟೆ. ಆಮೇಲೆ ಏನು ತೋಚಿತೋ, ತಟ್ಟೆಯಲ್ಲಿದ್ದ ರೊಟ್ಟಿ ತೋರಿಸಿ ಇದಕ್ಕೆ ಏನೆನ್ನುತ್ತೀಯ ಎಂದೆ. ‘ಬಾಟಿ’ ಎಂದ. ನಾನು ‘ಬಾಟಿ’ ಎಂದು ತಿರುಗಿ ಹೇಳಿದೆ, ತಪ್ಪಾಗಿ ಹೇಳಿದೆನೋ ಏನೋ, ಅವನು ತಿದ್ದಿದ. ನಾಲ್ಕು ತಿಂಗಳಲ್ಲಿ ಅವನು ನನಗೆ ಆಡಿದ ಮೊದಲ ಪೂರ್ತಿ ಮಾತು ಆ ತಿದ್ದುಪಡಿ. ಅಲ್ಲಿಂದ ದಿನಕ್ಕೆ ಐದು ಪದ ನನಗೆ ಅವನು ಹೇಳಬೇಕು, ಐದು ಪದ ಅವನಿಗೆ ನಾನು ಹೇಳಬೇಕು ಎಂದು ಗೊತ್ತುಮಾಡಿಕೊಂಡೆವು. ಮಾರ್ಚ್ ಹೊತ್ತಿಗೆ ಕನ್ನಡದ ಪುಟ ಓದುತ್ತಿದ್ದ.

ಮನೆಯ ಮಾತು ಗಟ್ಟಿಯಿರುವ ಮಗು ಕನ್ನಡವನ್ನು ಬೇಗ ಹಿಡಿಯುತ್ತದೆ. ಕಷ್ಟಪಡುವವರು ಮನೆಯ ಮಾತೂ ಅರ್ಧ, ಶಾಲೆಯ ಮಾತೂ ಅರ್ಧ ಆದ ಮಕ್ಕಳು. ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಇರಬೇಕು ಎನ್ನುತ್ತದೆ. ತಾಂಡಾದ ಮಕ್ಕಳಿಗೆ ಆ ಅನುಕೂಲವನ್ನು ನಾನಂತೂ ಎಲ್ಲಿಯೂ ಕಂಡಿಲ್ಲ.

ತಾಂಡಾದ ಮಗಳು, ಬಳ್ಳಾರಿ

ಟೀಚರ್, ನಿಮ್ಮಂಥವರು ನನಗೆ ಸಿಕ್ಕಿದ್ದರೆ!

ಬಿಳಿ ಜೋಳ, ಯಲಬುರ್ಗಾ

ಲಿಪಿಯೇ ಇಲ್ಲದ ಭಾಷೆಯನ್ನು ಎಷ್ಟು ದಿನ ಉಳಿಸುತ್ತೀರಿ? ಅದು ಹಿಂದಿಯ ಒಂದು ಬಗೆ ಅಷ್ಟೇ ಅಲ್ಲವೇ? ಹಿಂದಿ ಕಲಿಸಿಬಿಡಿ, ಉಪಯೋಗಕ್ಕೂ ಬರುತ್ತದೆ.

ಗೋರಮಾಟಿ, ಲಿಂಗಸುಗೂರು

ಎರಡೂ ತಪ್ಪು.

ಮೊದಲನೆಯದು, ಲಿಪಿ. ತುಳುವಿನಲ್ಲಿ ಪುಸ್ತಕಗಳು ಕನ್ನಡ ಲಿಪಿಯಲ್ಲಿ ಬರುತ್ತಿವೆ. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್ ಲಿಪಿಗಳಲ್ಲಿ ಬರೆಯುತ್ತಾರೆ. ನಮ್ಮ ಗೋರ್ ಬೋಲಿಯನ್ನು, ಅಂದರೆ ಲಂಬಾಣಿಯನ್ನು, ಕರ್ನಾಟಕದಲ್ಲಿ ಕನ್ನಡದಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತೇವೆ. ಲಿಪಿ ಬಟ್ಟೆ, ಮೈಯಲ್ಲ.

ಎರಡನೆಯದು, ಹಿಂದಿ. 2011ರ ಜನಗಣತಿಯಲ್ಲಿ ಲಮಾಣಿ, ಲಂಬಾಡಿ ಎಂದು ಬರೆಸಿದವರೇ 32 ಲಕ್ಷಕ್ಕೂ ಹೆಚ್ಚು ಜನ. ಅವರೆಲ್ಲರನ್ನೂ ಹಿಂದಿಯ ಮೊತ್ತದೊಳಗೆ ಸೇರಿಸಿ ಲೆಕ್ಕ ಹಾಕಿದ್ದಾರೆ. ಅದಕ್ಕೇ ನಿಮಗೆ ಹಾಗೆ ಅನ್ನಿಸುತ್ತದೆ. ನಮ್ಮ ಮಾತಿಗೆ ಹತ್ತಿರದ ನಂಟು ರಾಜಸ್ಥಾನದ ಕಡೆಯ ನುಡಿಗಳದ್ದು. ಹಿಂದಿ ಮಾತ್ರ ಬಲ್ಲವರನ್ನು ನಮ್ಮ ತಾಂಡಾದ ಕಟ್ಟೆಯ ಮೇಲೆ ಕೂರಿಸಿ, ಹೆಂಗಸರು ಮಾತನಾಡುವುದು ಎಷ್ಟು ತಿಳಿಯಿತು ಎಂದು ಆಮೇಲೆ ಕೇಳಿ.

ಬಿಳಿ ಜೋಳ, ಯಲಬುರ್ಗಾ

ಜನಗಣತಿಯ ವಿಷಯ ಗೊತ್ತಿರಲಿಲ್ಲ. ಹಿಂದಿ ಎಂದದ್ದನ್ನು ಹಿಂದೆಗೆದುಕೊಳ್ಳುತ್ತೇನೆ. ಉಪಯೋಗದ ಪ್ರಶ್ನೆ ಹಾಗೆಯೇ ಇದೆ.

ಗೋರಮಾಟಿ, ಲಿಂಗಸುಗೂರು

ಉಪಯೋಗವೇ? ನಮ್ಮ ತಾಂಡಾದಿಂದ ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ಗೊತ್ತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ಯಾರೋ ಗೋರ್ ಬೋಲಿಯಲ್ಲಿ ಮಾತನಾಡಿದ್ದು ಕಿವಿಗೆ ಬಿದ್ದರೆ ಅಂದಿನ ರಾತ್ರಿಗೆ ಊಟ, ಮಲಗಲು ಜಾಗ ಎರಡೂ ಸಿಕ್ಕಿತು ಎಂದರ್ಥ. ನನಗೆ ಹಾಗೆ ಸಿಕ್ಕಿದೆ.

ದಫ್ತರದ ಮೊಮ್ಮಗ, ರಾಯಚೂರು

ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕೆನಿಸಿತು. ನಮ್ಮದು ಕನ್ನಡದ ಮನೆ. 1948ರವರೆಗೆ ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು, ಕಚೇರಿಯ ಭಾಷೆ ಉರ್ದು. ಅಜ್ಜ ಓದಿದ್ದು ಉರ್ದು ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ, ಪೂಜೆಗೆ ಸಂಸ್ಕೃತ, ಲೆಕ್ಕ ಬರೆಯಲು ಉರ್ದು. ತೀರಿಕೊಳ್ಳುವವರೆಗೂ ಹಾಲಿನ ಲೆಕ್ಕವನ್ನು ಬಲದಿಂದ ಎಡಕ್ಕೇ ಬರೆದರು. ಅಪ್ಪ ಕಲಿಯಲಿಲ್ಲ, ಏಕೀಕರಣದ ನಂತರ ಬೇಕಾಗಲಿಲ್ಲ.

ಹೋದ ವರ್ಷ ಹೊಲದ ತಗಾದೆ ಬಂದು ಹಳೆಯ ಕಾಗದ ತೆಗೆದೆವು. ಅಜ್ಜನ ಕೈಬರಹ, ಮನೆಯಲ್ಲಿ ಹನ್ನೊಂದು ಜನ, ಓದಬಲ್ಲವರು ಒಬ್ಬರೂ ಇಲ್ಲ. ಪಕ್ಕದ ಓಣಿಯ ಮಸೀದಿಯ ಹಿರಿಯರ ಬಳಿ ಹೋದೆವು. ಅವರು ಕನ್ನಡಕ ಏರಿಸಿಕೊಂಡು ಓದತೊಡಗಿದರು. ಜಮೀನಿನ ವಿಷಯ ಎರಡೇ ಸಾಲು. ಕೆಳಗೆ ಅಜ್ಜ ತನ್ನ ಮೊದಲ ಮಗು ತೀರಿಕೊಂಡ ದಿನವನ್ನು ಬರೆದಿಟ್ಟಿದ್ದರು. ಆ ಮಗುವಿನ ಸಂಗತಿ ನಮ್ಮಪ್ಪನಿಗೇ ಗೊತ್ತಿರಲಿಲ್ಲ. ಅಪ್ಪ ಆ ಕಾಗದವನ್ನು ಹಿಡಿದುಕೊಂಡು ಆ ಹಿರಿಯರ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದರು.

ಕೂರಿಗೆ, ಸಿರುಗುಪ್ಪ

ಏನು ಹೇಳಬೇಕೋ ತಿಳಿಯದು ಸ್ವಾಮಿ.

ಸುರ್ಮಾ, ರಾಯಚೂರು

ದಫ್ತರದ ಮೊಮ್ಮಗರಿಗೆ ನಮಸ್ಕಾರ. ಉರ್ದು ಉಳಿದಿದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ, ಆದರೆ ನಮ್ಮ ಮನೆಯಲ್ಲಿ ಹೋಗುತ್ತಿರುವುದು ದಖನಿ, ಈ ದಕ್ಷಿಣದ ಕಡೆಯ ಉರ್ದು. ನನ್ನ ಅಮ್ಮಿ ಬೇಡ ಎನ್ನಲು ‘ನಕ್ಕೊ’ ಎನ್ನುತ್ತಾರೆ, ಹೌದು ಎನ್ನಲು ‘ಹೌ’ ಎನ್ನುತ್ತಾರೆ. ನನ್ನ ಮಗನಿಗೆ ಉರ್ದು ಹೇಳಿಕೊಡುವವರು ಅವೆಲ್ಲ ಅಶುದ್ಧ, ಹಾಗೆ ಹೇಳಬೇಡ ಎಂದು ತಿದ್ದಿದರು. ಮಗ ಮನೆಗೆ ಬಂದು ಅಜ್ಜಿಯನ್ನೇ ತಿದ್ದಿದ. ಅವರಿಗೆ ಎಪ್ಪತ್ತೆರಡು ವರ್ಷ! ನಾನು ಅವನನ್ನು ಕೂರಿಸಿಕೊಂಡು ಹೇಳಿದೆ: ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಪುಸ್ತಕ ಬರೆದದ್ದು ದಖನಿಯಲ್ಲಿ, ಈ ರಾಯಚೂರು ಕೋಟೆಯೂ ಒಂದು ಕಾಲಕ್ಕೆ ಆದಿಲ್ ಶಾಹಿಗಳದ್ದಾಗಿತ್ತು, ನಿನ್ನ ಅಜ್ಜಿಯ ಮಾತು ದರ್ಬಾರಿನಲ್ಲಿ ಮೆರೆದ ಮಾತು. ಈಗ ಮನೆಯಲ್ಲಿ ನಕ್ಕೊ, ಶಾಲೆಯಲ್ಲಿ ಶಾಲೆಯದು. ಅವನಿಗೇನೂ ಗೊಂದಲವಿಲ್ಲ.

ತೊದಲ್ನುಡಿ, ಗಂಗಾವತಿ

ಭಾರವಾಗುವುದಿಲ್ಲವೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮಾತಿನ ತೊಂದರೆ ಇರುವ ಮಕ್ಕಳಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಹಲವು ಭಾಷೆ ಕೇಳುವುದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೂ ಹೆದರಬೇಡಿ, ಎರಡೂ ಗೊತ್ತಿರುವ ಮಕ್ಕಳೆಲ್ಲ ಹಾಗೆ ಮಾಡುತ್ತಾರೆ, ಯಾರ ಜೊತೆ ಯಾವುದು ಎಂದು ಬೇಗ ವಿಂಗಡಿಸಿಕೊಳ್ಳುತ್ತಾರೆ. ನಿಜವಾಗಿ ತಡವಾಗಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು, ಬೇರೆ ಕಾರಣ ಹುಡುಕಬೇಕು. ಭಾಷೆ ಕಡಿಮೆ ಮಾಡುವುದು ಮದ್ದಲ್ಲ.

ನನ್ನ ಅಕ್ಕನ ಮಗನಿಗೆ ಮಾತು ತಡವಾದಾಗ ವೈದ್ಯರೊಬ್ಬರು ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ ಎಂದರು. ಅಕ್ಕನ ಅತ್ತೆಗೆ ಮರಾಠಿ ಬಿಟ್ಟು ಬೇರೆ ಬಾರದು. ಆ ಅಜ್ಜಿ ಎರಡು ವರ್ಷ ಮೊಮ್ಮಗನ ಮುಂದೆ ಬಾಯಿ ಮುಚ್ಚಿಕೊಂಡು ಕುಳಿತರು. ಆಮೇಲೆ ಗೊತ್ತಾಯಿತು, ಹುಡುಗನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ.

ಕೊಪಣ ನಾಡಿಗ, ಕೊಪ್ಪಳ

ಇದು ನನಗೂ ಹೊಸದು. ಎರಡು ವರ್ಷ ಬಾಯಿ ಮುಚ್ಚಿಕೊಂಡು! ಆದರೂ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಎಂಬ ನನ್ನ ಮಾತಿಗೆ ಯಾರೂ ಉತ್ತರಿಸಿಲ್ಲ.

ತೊದಲ್ನುಡಿ, ಗಂಗಾವತಿ

ಆ ಮಾತು ಸರಿ. ಕೇಳಿದಷ್ಟೇ ಬರುತ್ತದೆ. ವಾರಕ್ಕೆ ಒಂದು ಗಂಟೆ ಕೇಳಿದ ಭಾಷೆ ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ತಾಯಿ ಸಮಯ ಹುಡುಕಬೇಕು. ಆದರೆ ಆ ಸಮಯವನ್ನು ಕನ್ನಡದಿಂದಲೇ ತೆಗೆಯಬೇಕೆಂದಿಲ್ಲ, ಮೊಬೈಲ್ ನೋಡುವ ಹೊತ್ತಿನಿಂದ ತೆಗೆಯಬಹುದು.

ಶೇಂಗಾ ಹೊಲ, ಸಂಡೂರು

ಅಕ್ಕ, ನಾನೂ ಸಂಡೂರಿನವಳು, ಜಾತಿ ಬೇರೆ. ನಿಮ್ಮವರ ಕಸೂತಿಗೆ ಸಂಡೂರಿನ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆಯಲ್ಲ, ಕನ್ನಡಿ, ಕವಡೆ, ನಾಣ್ಯ ಸೇರಿಸಿ ಹೊಲಿಯುವುದು. ಆ ಕೆಲಸ ಮಾಡುವ ಹಿರಿಯ ಹೆಂಗಸರ ಜೊತೆ ಮೂರು ವರ್ಷ ಕೆಲಸ ಮಾಡಿದೆ. ಕಾಂಚಳಿ, ಫೇಟಿಯಾ ಎಂಬ ಉಡುಪಿನ ಹೆಸರು ಮಾತ್ರ ನಮಗೆ ಗೊತ್ತು. ಒಂದೊಂದು ಹೊಲಿಗೆಗೂ ಅವರಲ್ಲಿ ಬೇರೆ ಹೆಸರಿದೆ. ಹೊಸದಾಗಿ ಕಲಿಯಲು ಬಂದ ಹುಡುಗಿಯರಿಗೆ ಹೆಸರು ಬಾರದು, ಬೆರಳಿಟ್ಟು ‘ಇದು, ಅದು’ ಎನ್ನುತ್ತಾರೆ. ನಿಮ್ಮ ಮಗಳಿಗೆ ಅಜ್ಜಿ ಸೂಜಿ ಹಿಡಿಯಲು ಕಲಿಸಲಿ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ.

ಕೂರಿಗೆ, ಸಿರುಗುಪ್ಪ

ಆರು ವರ್ಷದ ಮಗುವಿನ ಕೈಗೆ ಸೂಜಿಯೇ?

ಶೇಂಗಾ ಹೊಲ, ಸಂಡೂರು

ನಾವೆಲ್ಲ ಆ ವಯಸ್ಸಿನಲ್ಲೇ ಹಿಡಿದದ್ದು. ದಪ್ಪ ಸೂಜಿ, ದಪ್ಪ ದಾರ ಕೊಡಲಿ.

ಪದ್ಮಾ ನದಿ, ಸಿಂಧನೂರು ಪುನರ್ವಸತಿ ಕ್ಯಾಂಪ್

ಕಾಲುವೆ ದಂಡೆಯವರ ನೆರೆಯವಳು ನಾನು. ಪೂರ್ವ ಪಾಕಿಸ್ತಾನದಿಂದ ಬಂದವರಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಅಜ್ಜಿ ಮೀನು ಸಿಗದೆ, ಬರಿಯ ಕೆಂಪು ಮಣ್ಣು ಮತ್ತು ಕರಿ ಮಣ್ಣು ನೋಡಿ ಅತ್ತಿದ್ದಳಂತೆ. ಫೆಬ್ರುವರಿ 21ನ್ನು ಜಗತ್ತು ತಾಯ್ನುಡಿಯ ದಿನ ಎನ್ನುತ್ತದೆ. 1952ರಲ್ಲಿ ಢಾಕಾದಲ್ಲಿ ಬಂಗಾಳಿಗಾಗಿ ಹುಡುಗರು ಗುಂಡಿಗೆ ಬಿದ್ದ ದಿನ ಅದು. ಆ ನೆಲದಿಂದ ಬಂದ ಮನೆಯಲ್ಲಿ ನನ್ನ ಮಗಳು ‘ಅಮ್ಮ, ಬಂಗಾಳಿ ಬೇಡ, ಗೆಳತಿಯರು ಇದ್ದಾರೆ’ ಎಂದಳು. ಬೈದೆ. ಅದೇ ನಾನು ಮಾಡಿದ ತಪ್ಪು. ಆಮೇಲೆ ಒಂದು ವರ್ಷ ನನ್ನ ಮಾತಿಗೆ ಬೇಕೆಂದೇ ಕನ್ನಡದಲ್ಲಿ ಉತ್ತರ ಕೊಟ್ಟಳು. ಅಕ್ಕ, ಪರೀಕ್ಷೆ ಮಾಡಬೇಡಿ. ನೆಂಟರ ಮುಂದೆ ನಿಲ್ಲಿಸಿ ‘ಇದನ್ನು ನಮ್ಮ ಭಾಷೆಯಲ್ಲಿ ಹೇಳು ನೋಡೋಣ’ ಎಂದು ಎಂದಿಗೂ ಕೇಳಬೇಡಿ.

ಹೊಸ ಓದುಗ, ಮಾನ್ವಿ

ಒಂದು ನೇರ ಪ್ರಶ್ನೆ. ನಿಮ್ಮ ಯಜಮಾನರು ಲಂಬಾಣಿ ಎಷ್ಟು ಕಲಿತಿದ್ದಾರೆ? ನೀವು ಅತ್ತೆಯ ಜೊತೆ ತೆಲುಗು ಮಾತನಾಡುತ್ತೀರಿ ತಾನೆ?

ತಾಂಡಾದ ಮಗಳು, ಬಳ್ಳಾರಿ

ಮಾತನಾಡುತ್ತೇನೆ. ಮದುವೆಯಾದ ಆರು ತಿಂಗಳಿಗೆ ಕಲಿತೆ. ಅವರು ಒಂಬತ್ತು ವರ್ಷದಲ್ಲಿ ‘ಪಾಣಿ’, ‘ಬಾಟಿ’ ಬಿಟ್ಟು ಏನೂ ಕಲಿತಿಲ್ಲ. ಈ ಪ್ರಶ್ನೆಯನ್ನು ನಾನೇ ಎಂದೂ ಕೇಳಿಕೊಂಡಿರಲಿಲ್ಲ. ನಿನ್ನೆ ರಾತ್ರಿ ಇದನ್ನು ಅವರಿಗೆ ಓದಿ ಹೇಳಿದೆ. ಸುಮ್ಮನಿದ್ದರು. ಬೆಳಿಗ್ಗೆ ಚಹಾ ಕುಡಿಯುವಾಗ ‘ನಿಮ್ಮ ಅವ್ವನ ಮುಂದೆ ನನಗೆ ನಾಚಿಕೆ, ತಪ್ಪು ಮಾತನಾಡಿದರೆ ನಗುತ್ತಾರೆ’ ಎಂದರು. ಹಾಸ್ಟೆಲ್ಲಿನಲ್ಲಿ ನನಗೆ ಆಗಿದ್ದೂ ಅದೇ ಭಯ.

ಹೊಸ ಓದುಗ, ಮಾನ್ವಿ

ನಗಲಿ ಬಿಡಿ. ಅಜ್ಜಿ ನಕ್ಕರೆ ಒಳ್ಳೆಯದೇ.

ಗಡಿನಾಡ ಹಿರಿಯ, ಬಳ್ಳಾರಿ

ದರೋಜಿ ಈರಮ್ಮನವರನ್ನು ನೆನೆಯಬೇಕು. ನಿಮ್ಮ ಸಂಡೂರು ತಾಲ್ಲೂಕಿನ ದರೋಜಿಯವರೇ. ಬುಡಗ ಜಂಗಮರ ಹೆಣ್ಣುಮಗಳು, ಅಕ್ಷರ ಕಲಿತವರಲ್ಲ, ಬುರ್ರಕಥೆಯನ್ನು ಕನ್ನಡ, ತೆಲುಗು ಎರಡರಲ್ಲೂ ಹಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಹಾಡನ್ನು ರಾತ್ರಿಯಿಡೀ ಕೇಳಿದ್ದೇನೆ. ಅದನ್ನೆಲ್ಲ ಅವರು ಪುಸ್ತಕದಿಂದ ಕಲಿಯಲಿಲ್ಲ, ಮನೆಯ ಹಿರಿಯರ ಹಿಂದೆ ಊರೂರು ತಿರುಗುತ್ತ ಕಲಿತರು.

ಗೋರಮಾಟಿ, ಲಿಂಗಸುಗೂರು

ಇಷ್ಟೂ ಜನ ಹೇಳಿದ್ದರಲ್ಲಿ ಒಂದು ಸಂಗತಿ ತಪ್ಪಿಹೋಗಿದೆ ಎನ್ನಿಸುತ್ತಿದೆ. ಅಕ್ಕ, ನಿಮ್ಮ ಮೊದಲ ಬರಹವನ್ನು ಮತ್ತೆ ಓದಿದೆ. ಯಾಡಿ ಮೊರ ಕೇಳಿದಳು, ಮಗಳು ನಿಮ್ಮನ್ನು ಕೇಳಿದಳು, ನೀವು ಹೇಳಿದಿರಿ. ಹೇಳದೇ ಇದ್ದಿದ್ದರೆ? ಯಾಡಿ ಕೈ ತೋರಿಸುತ್ತಿದ್ದಳು. ಮಗಳು ಚೊಂಬು ತರುತ್ತಿದ್ದಳು, ಅದಲ್ಲ ಎನ್ನುತ್ತಿದ್ದಳು. ಪೊರಕೆ ತರುತ್ತಿದ್ದಳು, ಅದೂ ಅಲ್ಲ. ಮೂರನೆಯ ಸಲ ಮೊರ ಬರುತ್ತಿತ್ತು, ಇಬ್ಬರೂ ನಗುತ್ತಿದ್ದರು, ಆ ಪದ ಮಗಳಿಗೆ ಸಾಯುವವರೆಗೆ ಮರೆಯುತ್ತಿರಲಿಲ್ಲ. ನೀವು ಒಳ್ಳೆಯ ಮನಸ್ಸಿನಿಂದಲೇ ನಡುವೆ ಬಂದಿರಿ. ಆದರೆ ನೀವು ಅಲ್ಲಿರುವವರೆಗೆ ಅವರಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬೇಕಾಗುವುದೇ ಇಲ್ಲ.

ಮಕ್ಕಳನ್ನು ತಾಂಡಾಕ್ಕೆ ಕಳಿಸಿ. ನೀವು ಹೋಗಬೇಡಿ.

ನನ್ನ ದಾದಿ, ಅಂದರೆ ಅಪ್ಪನ ಅವ್ವ, ಸಂಜೆ ದೀಪ ಹಚ್ಚಿ ನಮ್ಮ ಸಂತ ಸೇವಾಲಾಲರನ್ನು ನೆನೆದು ಬೇಡಿಕೊಳ್ಳುತ್ತಿದ್ದಳು, ಇರುವೆ ಹುಳುಗಳಿಗೂ ಒಳ್ಳೆಯದಾಗಲಿ ಎಂದು. ನಾನು ಅದನ್ನು ಅರ್ಥ ಮಾಡಿಕೊಂಡು ಕಲಿತವನಲ್ಲ. ಪಕ್ಕದಲ್ಲಿ ಕುಳಿತಿದ್ದೆ, ಅಷ್ಟೇ.

ಪದ್ಮಾ ನದಿ, ಸಿಂಧನೂರು ಪುನರ್ವಸತಿ ಕ್ಯಾಂಪ್

ಗೋರಮಾಟಿಯವರ ಮಾತು ನೂರಕ್ಕೆ ನೂರು ನಿಜ. ನನ್ನ ಮಗಳಿಗೆ ಬಂಗಾಳಿ ಮರಳಿ ಬಂದದ್ದು ನನಗೆ ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಾಗ. ಮನೆಯಲ್ಲಿ ಅವಳು ಮತ್ತು ಅಜ್ಜಿ ಇಬ್ಬರೇ ಇದ್ದರು.

ಒಂದನೇ ತರಗತಿ, ಕುಷ್ಟಗಿ ಕಡೆ

ಎಂಟು ದಿನಕ್ಕೆ ಭಾಷೆ ಬರುವುದಿಲ್ಲ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಆದರೆ ಭಯ ಹೋಗುತ್ತದೆ. ಮರಳಿ ಬಂದ ಮೇಲೆ ದಿನವೂ ಸಂಜೆ ಫೋನನ್ನು ಮಗಳ ಕೈಗೇ ಕೊಟ್ಟು ನೀವು ಹೊರಗೆ ಹೋಗಿ.

ಕೊಪಣ ನಾಡಿಗ, ಕೊಪ್ಪಳ

ಕಳಿಸಿ ತಾಯಿ. ಕನ್ನಡದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಆ ಜಗಳವನ್ನು ಶಾಲೆಯವರ ಜೊತೆ ಮಾಡುತ್ತೇನೆ. ನಿಮ್ಮ ಮಕ್ಕಳು ಅಜ್ಜಿಯ ಜೊತೆ ಮಾತನಾಡಲಿ.

ತಾಂಡಾದ ಮಗಳು, ಬಳ್ಳಾರಿ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕ್ರಿಸ್‌ಮಸ್ ರಜೆಗೆ ಇಬ್ಬರನ್ನೂ ತಾಂಡಾದಲ್ಲಿ ಬಿಟ್ಟು ಸಂಜೆಯ ಬಸ್ಸಿಗೇ ಮರಳಿ ಬಂದೆ. ಮೊದಲ ಎರಡು ದಿನ ಮಗಳು ಫೋನಿನಲ್ಲಿ ಅತ್ತಳು. ಮೂರನೆಯ ದಿನ ನಾನೇ ಫೋನ್ ಮಾಡಲಿಲ್ಲ, ರಾತ್ರಿ ನನಗೂ ನಿದ್ದೆ ಬರಲಿಲ್ಲ. ಮಗ ಮಾತ್ರ ಮೊದಲ ದಿನವೇ ಆಡಿನ ಮರಿಯ ಹಿಂದೆ ಹೋದವನು ಫೋನಿಗೂ ಬರುತ್ತಿಲ್ಲ.

ನಿನ್ನೆ ಆರನೆಯ ದಿನ. ಮಗಳ ಜೊತೆ ಲಂಬಾಣಿಯಲ್ಲೇ ಮಾತನಾಡಿದೆ, ಅವಳು ಹೆಚ್ಚಾಗಿ ಕನ್ನಡದಲ್ಲೇ ಉತ್ತರಿಸಿದಳು. ರಾತ್ರಿ ಹಾಸಿಗೆಗೆ ಇರುವೆ ಬರುತ್ತವೆಯೇ ಎಂದು ಕೇಳಿದೆ. ಇರುವೆ ಎಂಬುದಕ್ಕೆ ನಮ್ಮ ಪದ ನನ್ನ ಬಾಯಿಗೆ ಬರಲಿಲ್ಲ, ನನಗೇ ತಿಳಿಯದಂತೆ ಕನ್ನಡದ್ದನ್ನೇ ಸೇರಿಸಿದ್ದೆ.

‘ಇರುವೆ ಅಲ್ಲ ಅಮ್ಮ, ಕೀಡಿ’ ಎಂದಳು.

ಹಿಂದಿನಿಂದ ಯಾಡಿ ನಕ್ಕದ್ದು ಕೇಳಿಸಿತು. ಮೆಲ್ಲಗಲ್ಲ, ಜೋರಾಗಿ. ಭಾನುವಾರ ಕರೆದುಕೊಂಡು ಬರಲು ನಾನೂ ಯಜಮಾನರೂ ಹೋಗುತ್ತಿದ್ದೇವೆ. ಇನ್ನೆರಡು ದಿನ ಬಿಡು ಎಂದು ಯಾಡಿ ಹಟ ಹಿಡಿದಿದ್ದಾಳೆ.